ಗಿಣ್ಣದ ಬಣ್ಣದ ಕಪಾಟು

ತಡವಾಗಿ ಓದಿದವನಿಗೆ ಒಂದು ಕಾಯಿಲೆ ಇರುತ್ತದೆ. ಅಚ್ಚಾದದ್ದೆಲ್ಲ ತನಗಾಗಿಯೇ ಅಚ್ಚಾಗಿದೆ ಎಂದು ಅವನು ತಿಳಿಯುತ್ತಾನೆ. ನಾನು ಹತ್ತನೇ ಕ್ಲಾಸು ಪಾಸು ಮಾಡಿದ್ದು ಮೂವತ್ತಾರನೇ ವಯಸ್ಸಿನಲ್ಲಿ, ಮಗಳು ಒಂದನೇ ಕ್ಲಾಸಿಗೆ ಸೇರಿದ ವರ್ಷ. ಅವತ್ತಿನಿಂದ ಊದುಬತ್ತಿ ಪ್ಯಾಕೆಟ್ಟಿನ ಹಿಂಭಾಗವನ್ನೂ ಬಿಡದೆ ಓದುತ್ತೇನೆ. ಸಾಗರದಲ್ಲಿ ನನಗೊಂದು ಮಿಕ್ಸಿ, ಪಂಪು ರಿಪೇರಿ ಮಾಡುವ ಅಂಗಡಿ ಇದೆ. ಗಿರಾಕಿಗಳು ಮಿಕ್ಸಿಯ ಜೊತೆ ಬಂದ ಪುಸ್ತಕವನ್ನು ಒಲೆಗೆ ಹಾಕಿ ಮಿಕ್ಸಿಯನ್ನು ನನ್ನ ಹತ್ತಿರ ತರುತ್ತಾರೆ. ಓದಿಕೊಂಡು ಮಾಡಿದರೆ ಆಗದ ಕೆಲಸವಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಅದು ಇವತ್ತಿಗೂ ಅಷ್ಟೇ ಗಟ್ಟಿಯಾಗಿದೆ, ನಮ್ಮ ಅಡುಗೆ ಮನೆಯ ಕಪಾಟಿನ ವಿಷಯ ಒಂದನ್ನು ಬಿಟ್ಟು.

ಕಪಾಟಿಗೆ ಬಣ್ಣ ಬಳಿಯುವ ಯೋಚನೆ ಹುಟ್ಟಿದ್ದು ತೀರ್ಥಹಳ್ಳಿಯಲ್ಲಿ. ನನ್ನ ಹೆಂಡತಿ ಲಲಿತಳ ತಂಗಿ ವನಜ ಅಲ್ಲಿ ಹೊಸ ಮನೆ ಕಟ್ಟಿಸಿದ್ದಾಳೆ. ಅವಳ ಅಡುಗೆ ಮನೆಯ ಕಪಾಟುಗಳೆಲ್ಲ ಕೆನೆ ಬಣ್ಣ. ಬಾಗಿಲುಗಳ ಗೀರಿನಲ್ಲಿ, ಅಂಚಿನಲ್ಲಿ ಮಾತ್ರ ತೆಳ್ಳಗೆ ಕಂದು ನೆರಳು. ಅದಕ್ಕೆ ಗ್ಲೇಸ್ ಅನ್ನುತ್ತಾರಂತೆ. ಇಡೀ ಬಾಗಿಲಿಗೆ ಬಳಿದು, ಒಣಗುವ ಮೊದಲೇ ಬಟ್ಟೆಯಲ್ಲಿ ಒರೆಸಿಬಿಡಬೇಕು, ಸಂದಿಯಲ್ಲಿ ಉಳಿದದ್ದೇ ಚಂದ. "ಒರೆಸಿ ತೆಗಿಯದಾದ್ರೆ ಬಳಿಯದು ಯಾಕೆ?" ಎಂದು ಕೇಳಿದೆ. ವನಜ ನಕ್ಕಳು. "ಭಾವಂಗೆ ಇದೆಲ್ಲ ಗೊತ್ತಾಗಲ್ಲ ಬಿಡಕ್ಕ. ನಿಮ್ಮನೆಗೆ ಆ ಹಸಿರು ಕಪಾಟೇ ಸರಿ."

ವಾಪಸು ಬರುವಾಗ ಹೊಸನಗರ ದಾಟುವ ತನಕ ಲಲಿತ ಬಸ್ಸಿನ ಕಿಟಕಿಯಿಂದ ಹೊರಗೇ ನೋಡುತ್ತಿದ್ದಳು. ಆಮೇಲೆ, "ಇಪ್ಪತ್ತೆರಡು ವರ್ಷ ಆ ಹಸಿರು ನೋಡ್ಕಂಡೇ ಅನ್ನ ಬಸ್ದಿದೀನಿ. ಒಬ್ಬ ಪೇಂಟರ್‌ನ ಕರೆಸಿ" ಎಂದಳು.

"ಪೇಂಟರ್ ಯಾಕೆ? ನಾನಿಲ್ವಾ?"

ಅವಳು ಕಿಟಕಿಯಿಂದ ನನ್ನ ಕಡೆ ತಿರುಗಿದಳು. "ಬರೋ ತಿಂಗಳು ವನಜ ಬರ್ತಾಳೆ. ಅವಳೆದ್ರಿಗೆ ನನ್ನ ಮರ್ಯಾದಿ ತೆಗೀಬೇಡಿ ಮಾರಾಯ್ರೆ, ಅಷ್ಟೇ ನಾ ಕೇಳದು."

ಬಣ್ಣದ ಅಂಗಡಿಯವನು ಒಂದು ಕಾರ್ಡು ಬಿಡಿಸಿ ಇಟ್ಟ. ಅದರಲ್ಲಿ ಏಳು ಕೆನೆ ಬಣ್ಣ. ನನ್ನ ಕಣ್ಣಿಗೆ ಏಳೂ ಒಂದೇ. ಒಂದೊಂದರ ಕೆಳಗೆ ಬರೆದಿದ್ದ ಹೆಸರನ್ನು ನಾನು ಶ್ರದ್ಧೆಯಿಂದ ಓದುತ್ತಿದ್ದೆ. ಲಲಿತ ಹೆಸರು ನೋಡಲೇ ಇಲ್ಲ. "ಇದು ಗಂಜಿ ತಿಳಿ. ಇದು ಮಜ್ಜಿಗೆ, ಅದೂ ಹುಳಿ ಬಂದಿದ್ದು. ಇದು ಹಲಸಿನ ಬೀಜ" ಎಂದು ಬೆರಳಿಟ್ಟುಕೊಂಡು ಹೋಗಿ ಐದನೆಯದರಲ್ಲಿ ನಿಂತಳು. "ಇದು ಗಿಣ್ಣ. ಇದೇ ಆಗ್ಲಿ." ಅಂಗಡಿಯವನು ಮೂವತ್ತು ವರ್ಷದಿಂದ ಬಣ್ಣ ಮಾರುತ್ತಿದ್ದಾನೆ, ಅವತ್ತೇ ಮೊದಲ ಸಲ ತನ್ನ ಕಾರ್ಡನ್ನು ಸರಿಯಾಗಿ ನೋಡಿದ ಹಾಗೆ ಕಂಡ.

ಕೆಲಸವನ್ನು ಬಣ್ಣದ ಅಂಗಡಿಯವನು ಕೊಟ್ಟ ಪುಸ್ತಕದಲ್ಲಿ ಓದಿದ ಹಾಗೆಯೇ ಮಾಡಿದೆ ಎಂದು ಎದೆ ತಟ್ಟಿ ಹೇಳುತ್ತೇನೆ. ಹನ್ನೊಂದು ಬಾಗಿಲನ್ನೂ ಬಿಚ್ಚಿ, ಹಸಿರು ಹೋಗುವ ತನಕ ಉಜ್ಜಿ, ಪ್ರೈಮರ್ ಹೊಡೆದು, ಗಿಣ್ಣದ ಬಣ್ಣ ಎರಡು ಕೋಟ್ ಬಳಿದೆ. ಮೂರು ವಾರ ಬಾಗಿಲುಗಳು ಜಗಲಿಯಲ್ಲಿ ಗೋಡೆಗೆ ಒರಗಿ ನಿಂತಿದ್ದವು. ಪಕ್ಕದ ಮನೆಯವರು, "ಮನೆ ಖಾಲಿ ಮಾಡ್ತಿದೀರಾ?" ಎಂದು ವಿಚಾರಿಸಿದರು. ಬಾಗಿಲಿಲ್ಲದ ಕಪಾಟಿನಿಂದ ಒಂದು ಲಾಭವೂ ಆಯಿತು. ಚಕ್ಕುಲಿ ಮುಗಿಯಿತು ಎಂದು ನನಗೆ ಹೇಳಿದ ಮೇಲೂ ಅದು ಎಲ್ಲಿ ಉಳಿದಿರುತ್ತದೆ ಎಂದು ಗೊತ್ತಾಯಿತು. ಕಡಲೆಹಿಟ್ಟಿನ ಡಬ್ಬಿಯ ಹಿಂದೆ.

ತೊಂದರೆ ಬಂದದ್ದು ಗ್ಲೇಸಿನಲ್ಲಿ. ಅದು ಸಾಗರದಲ್ಲಿ ಇಲ್ಲ, ಶಿವಮೊಗ್ಗದಿಂದ ತರಿಸಲು ಹದಿನೈದು ದಿನ ಬೇಕು ಎಂದ ಅಂಗಡಿಯವನು. ವನಜ ಬರಲು ನಾಲ್ಕೇ ದಿನ ಇತ್ತು. ಆಗ ನನಗೆ ಹೊಳೆಯಿತು. ಗ್ಲೇಸ್ ಅಂದರೆ ಏನು? ತೆಳ್ಳಗಿನ ಕಂದು ಬಣ್ಣ, ಸ್ವಲ್ಪ ಹೊಳಪು. ಅದು ನಮ್ಮಲ್ಲಿ ಇಲ್ಲವೇ? ಅಡಿಕೆ ಬೇಯಿಸಿದ ನೀರು ಕುದಿದು ಗಟ್ಟಿಯಾದರೆ ಚೊಗರು. ಅದನ್ನು ಹಾಕಿಯೇ ಅಡಿಕೆಗೆ ಬಣ್ಣ ಬರಿಸುವುದು. ಅಂಥ ಬಣ್ಣ ನಮ್ಮ ಕಾಲಬುಡದಲ್ಲಿ ಇಟ್ಟುಕೊಂಡು ಶಿವಮೊಗ್ಗಕ್ಕೆ ಯಾಕೆ ಕಾಯಬೇಕು? ಆನಂದಪುರದ ಸ್ನೇಹಿತ ಈರಪ್ಪ ಒಂದು ಬಾಟ್ಲಿ ಚೊಗರು ಕೊಟ್ಟು, "ಎಂಥಕ್ಕೆ?" ಎಂದ. "ಕಪಾಟಿಗೆ" ಎಂದೆ. ಅವನು ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ಬಳಿದೆ, ಒರೆಸಿದೆ. ಏನು ಹೇಳಲಿ, ತೀರ್ಥಹಳ್ಳಿಯ ಕಪಾಟನ್ನು ನಿವಾಳಿಸಿ ಎಸೆಯಬೇಕು, ಹಾಗೆ ಬಂತು. ಮೇಲೆ ವಾರ್ನಿಷ್ ಹೊಡೆಯಬೇಕು ಎಂದು ಓದಿದ್ದೆ, ಆದರೆ ಅಡಿಕೆಗೆ ಯಾರು ವಾರ್ನಿಷ್ ಹೊಡೆಯುತ್ತಾರೆ ಎಂದು ಬಿಟ್ಟೆ. "ಗ್ಲೇಸ್ ಸಿಕ್ತಾ? ಎಲ್ಲಿಂದ ಬಂತು?" ಎಂದು ಲಲಿತ ಕೇಳಿದಳು. "ಆನಂದಪುರದ ಕಡೆಯಿಂದ" ಎಂದೆ. ಸುಳ್ಳಲ್ಲ. ಅವಳು ತಕ್ಷಣ ತಂಗಿಗೆ ಫೋನು ಮಾಡಿ, "ಹೊರಗಿಂದ ತರ್ಸಿದ್ದು ಕಣೆ, ನಿಂದಕ್ಕಿಂತ ಚೂರು ಮೇಲೇ ಇದೆ" ಎಂದಳು. ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಭಾನುವಾರ ವನಜ, ಅವಳ ಗಂಡ ಮಂಜಪ್ಪ ಬಂದರು. ವನಜ ಕಪಾಟಿನ ಮುಂದೆ ನಿಂತು ತುಂಬಾ ಹೊತ್ತು ನೋಡಿದಳು, ನಗಲಿಲ್ಲ. ಲಲಿತ ಬಡಿಸುವಾಗ ಹೋಳಿಗೆಯ ಮೇಲೆ ತುಪ್ಪ ಎರಡೆರಡು ಸಲ ಬೀಳುತ್ತಿತ್ತು. ಊಟವಾದ ಮೇಲೆ ಮಂಜಪ್ಪ ಎಲೆಗೆ ಸುಣ್ಣ ಸವರಿ, ಅಡಿಕೆ ಸೇರಿಸಿ ಕವಳ ಹಾಕಿಕೊಂಡು, ಸುಣ್ಣದ ಡಬ್ಬಿ ಕೈಯಲ್ಲೇ ಹಿಡಿದು ಮಾತಾಡುತ್ತಾ ಅಡುಗೆ ಮನೆಯ ಬಾಗಿಲಲ್ಲಿ ನಿಂತ. ಬೆರಳಲ್ಲಿ ಉಳಿದ ಸುಣ್ಣವನ್ನು ಹತ್ತಿರದ ಕಂಬಕ್ಕೆ ಒರೆಸುವುದು ನಮ್ಮ ಕಡೆ ಗಂಡಸರ ಕೈ ತಾನಾಗಿ ಮಾಡುವ ಕೆಲಸ. ತಾರಸಿ ಮನೆ ಬಂದು ಕಂಬ ಹೋದವು, ಕೈ ಹೋಗಲಿಲ್ಲ. ಮಂಜಪ್ಪ ಕಪಾಟಿಗೆ ಒರೆಸಿದ.

ಬಿಳಿ ಗೀಟು ನಮ್ಮ ಕಣ್ಣೆದುರೇ ಕೇಸರಿಯಾಯಿತು. ಆಮೇಲೆ ಕೆಂಪಾಯಿತು.

ಮಂಜಪ್ಪ ಗಾಬರಿಯಾಗಿ ಮುಟ್ಟಿದ, ಮೂಸಿದ. "ಭಾವ, ಇದು ಚೊಗರಲ್ವನಾ?"

"ಅಯ್ಯೋ ದೇವರೇ! ಅಕ್ಕನ ಕಪಾಟು ಕವಳ ಹಾಕಿದೆ!" ವನಜ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು.

ಲಲಿತ ನನ್ನ ಕಡೆ ನೋಡಿದಳು. ನಾನು ನೆಲದ ಟೈಲ್ಸ್ ನೋಡಿದೆ. ಅವಳು ಸೀದಾ ಹೋಗಿ ಮಂಜಪ್ಪನ ಕೈಯಿಂದ ಸುಣ್ಣದ ಡಬ್ಬಿ ತೆಗೆದುಕೊಂಡಳು. "ಹೌದು, ಚೊಗರೇ. ಅಂಗಡಿ ಗ್ಲೇಸ್ ಎಲ್ಲರ ಮನೇಲೂ ಇರತ್ತೆ. ಕೆಲ್ಸ ಇನ್ನೂ ಮುಗ್ದಿಲ್ಲ, ನೀ ಬಂದ್ಮೇಲೆ ಮುಗ್ಸಣ ಅಂತ ಇಟ್ಟಿದ್ದೆ" ಎಂದು, ಬೆಂಕಿಕಡ್ಡಿಯ ತುದಿಗೆ ಸುಣ್ಣ ಅದ್ದಿ ಪಕ್ಕದ ಬಾಗಿಲಿನ ಗೀರಿನುದ್ದಕ್ಕೂ ಎಳೆದಳು. ದಿನಾ ರಂಗೋಲಿ ಎಳೆದ ಕೈ, ಗೆರೆ ಅಲುಗಲಿಲ್ಲ. ಸುಣ್ಣ ಒಣಗಿದ ಮೇಲೆ ಒರೆಸಿದಳು. ಗಿಣ್ಣದ ಬಣ್ಣದ ಮೇಲೆ ಕೆಂಪು ದಾರ ಇಟ್ಟ ಹಾಗೆ ಉಳಿಯಿತು. ವನಜಳ ನಗು ನಿಂತಿತು.

ಸಂಜೆಯೊಳಗೆ ಹನ್ನೊಂದೂ ಬಾಗಿಲಿಗೆ ಕೆಂಪಂಚು. ವನಜ ಸೆರಗು ಸಿಕ್ಕಿಸಿಕೊಂಡು ಒರೆಸುವ ಬಟ್ಟೆ ಹಿಡಿದಿದ್ದಳು. ಕೊನೆಗೆ ಮೆಲ್ಲಗೆ, "ಅಕ್ಕ, ನಮ್ಮನೇದಕ್ಕೂ ಹಿಂಗೆ ಮಾಡ್ಬೋದಾ?" ಎಂದು ಕೇಳಿದಳು.

"ಅದು ಅಂಗಡಿ ಗ್ಲೇಸ್ ಅಲ್ವನೆ, ಹಿಡಿಯಲ್ಲ" ಎಂದಳು ಲಲಿತ, ತುಂಬಾ ಕನಿಕರದಿಂದ.

ಮರುದಿನ ನಾನು ತೆಪ್ಪಗೆ ವಾರ್ನಿಷ್ ಹೊಡೆದೆ. ಡಬ್ಬಿ, ಬ್ರಷ್ಷು ಅವಳೇ ತಂದು ಮುಂದಿಟ್ಟಳು. ಈಗ ಮನೆಗೆ ಬಂದವರೆಲ್ಲ ಕಪಾಟಿನ ಮುಂದೆ ನಿಂತು, "ಇದನ್ನ ಯಾರ್ ಮಾಡಿದ್ದು?" ಎಂದು ಕೇಳುತ್ತಾರೆ. "ನಾನೇ" ಎನ್ನುತ್ತಾಳೆ ಲಲಿತ. ಹಸಿರು ಉಜ್ಜಿದವನು ನಾನು, ಬಣ್ಣ ಬಳಿದವನು ನಾನು, ಚೊಗರು ತಂದವನೂ ನಾನು ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೆ ಬರುತ್ತದೆ. ಆದರೆ ಅಷ್ಟು ಹೇಳಿದರೆ ವಾರ್ನಿಷ್ ಬಿಟ್ಟದ್ದನ್ನೂ, ಅವಳಿಂದ ಮುಚ್ಚಿಟ್ಟದ್ದನ್ನೂ ಹೇಳಬೇಕಾಗುತ್ತದೆ. ಹಾಗಾಗಿ, "ಹೌದು, ಅವಳ ಕೈಗುಣ" ಎಂದು ಹೇಳಿ, ಬಂದವರಿಗೆ ಕುಡಿಯಲು ನೀರು ತರುತ್ತೇನೆ.