ಬರೇ ಬೆಳಕಿನ ಫೋಟೊ

ಪಂಚಮಿಯ ದಿನ ನಮ್ಮ ಅವ್ವ ಮತ್ತು ನನ್ನ ತಂಗಿ ಶಾಂತಾ ಒಂದೇ ಜೋಕಾಲಿಯಲ್ಲಿ ಕೂತಿದ್ದ ಫೋಟೊವನ್ನು ನಾನು ತೆಗೆಯಲಿಲ್ಲ. ಕೈಯಲ್ಲಿ ಕ್ಯಾಮೆರಾ ಇತ್ತು, ಕ್ಯಾಮೆರಾದಲ್ಲಿ ರೋಲು ಇತ್ತು, ರೋಲಿನಲ್ಲಿ ಒಂದು ಫೋಟೊ ಬಾಕಿಯೂ ಇತ್ತು. ಆದರೂ ತೆಗೆಯಲಿಲ್ಲ, ತೆಗೆದವನಂತೆ ನಟಿಸಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸುತ್ತಿ ಬಳಸಿ ಮಾತಾಡುವುದು ನನ್ನ ಚಾಳಿ. ನಡುವೆ ನವಿಲು, ಎಮ್ಮೆ, ಕಿತ್ತೂರ ಕೋಟೆ ಎಲ್ಲ ಬಂದು, ಮುಖ್ಯ ವಿಷಯಕ್ಕೆ ಬರುವಷ್ಟರಲ್ಲಿ ಕೇಳುವವರು ಎದ್ದು ಹೋಗಿರುತ್ತಾರೆ. ಹಾಗೆ ಅವರು ಎದ್ದು ಹೋಗಲಿ ಎಂದೇ ಸುತ್ತುತ್ತೇನೆ ಎಂಬುದು ನನಗೆ ಈಚೆಗೆ ತಿಳಿಯಿತು.

ನನ್ನದು ಬೈಲಹೊಂಗಲದಲ್ಲಿ ಹಿಟ್ಟಿನ ಗಿರಣಿ. ಓದಿದ್ದು ಏಳನೆಯ ಇಯತ್ತೆಯ ತನಕ. ಎಂಟಕ್ಕೆ ಹೋಗುವ ಬಾಗಿಲು ನನಗೆ ಎರಡು ಸಲ ಮುಚ್ಚಿಕೊಂಡಿತು, ಮೂರನೆಯ ಸಲ ನಾನೇ ತಟ್ಟಲಿಲ್ಲ. ಕಡಿಮೆ ಕಲಿತವನಿಗೆ ಒಂದು ದುರಾಸೆ ಇರುತ್ತದೆ, ಬೇರೆಯವರಿಗೆ ಬಾರದ ಒಂದು ವಿದ್ಯೆ ತನಗೆ ಬರಬೇಕು ಎಂದು. ನಮ್ಮ ಓಣಿಯಲ್ಲಿ ಪದವೀಧರರು ನಾಲ್ಕು ಜನ ಇದ್ದರು, ಕ್ಯಾಮೆರಾ ಇದ್ದವರು ಯಾರೂ ಇರಲಿಲ್ಲ. ಪೇಟೆಯ ಸ್ಟುಡಿಯೊದ ಮಾಸ್ತರರು ಹೊಸ ಕ್ಯಾಮೆರಾ ತಂದಾಗ ಹಳೆಯದನ್ನು ಫ್ಲ್ಯಾಶಿನ ಸಮೇತ ನನಗೆ ಮಾರಿದರು. ಅವರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಫೋಟೊ ತೆಗೆಯುವಾಗ ಮದುಮಕ್ಕಳಿಗೂ "ಕೈ ಕಟ್ಟು, ನೆಟ್ಟಗ ನಿಲ್ಲು" ಎಂದು ಗದರಿಸುತ್ತಿದ್ದದ್ದರಿಂದ ಊರು ಅವರನ್ನು ಮಾಸ್ತರರೆಂದು ಕರೆಯುತ್ತಿತ್ತು.

ಕ್ಯಾಮೆರಾ ಬಂದ ಮೇಲೆ ನಾನು ರವಿವಾರಗಳಂದು ಗಿರಣಿ ಮುಚ್ಚಿ ತಿರುಗತೊಡಗಿದೆ. ಆಗಿನ ಆಲ್ಬಮ್ಮು ಈಗಲೂ ಇದೆ. ಅದರಲ್ಲಿ ಕಿತ್ತೂರ ಕೋಟೆಯ ಮುಂದೆ ನಿಂತ ನನ್ನ ಗೆಳೆಯನ ಫೋಟೊ ಇದೆ. ಕೋಟೆ ಪೂರ್ತಿ ಬಂದಿದೆ, ಗೆಳೆಯನ ಒಂದು ಕಿವಿ ಮತ್ತು ಅವನು ಅದಕ್ಕಾಗಿಯೇ ಕೊಂಡಿದ್ದ ಕಪ್ಪು ಕನ್ನಡಕದ ಒಂದು ಕಡ್ಡಿ ಬಂದಿವೆ. ದೇಗಾಂವದ ಗುಡಿಯ ಕೆತ್ತನೆ ತೆಗೆಯಲು ಹೋಗಿ ಅರ್ಧ ದಿನ ಬಿಸಿಲು ಕಾದೆ. ಫೋಟೊದಲ್ಲಿ ಕೆತ್ತನೆ ಕತ್ತಲಲ್ಲಿ ಮುಳುಗಿತ್ತು, ಮುಂದೆ ಹಾದುಹೋಗುತ್ತಿದ್ದ ಒಂದು ಹೋತು ಮಾತ್ರ ಗಡ್ಡದ ಕೂದಲು ಎಣಿಸುವಷ್ಟು ಸ್ಪಷ್ಟವಾಗಿತ್ತು. ಹೋತಿನ ಧಣಿ ಗಿರಣಿಗೆ ಬಂದಾಗ ಅದನ್ನು ನೋಡಿ, "ಗುಡಿ ಒತ್ತಟ್ಟಿಗಿರ್ಲಿ ಬಿಡ್ರಿ, ನಮ್ಮ ಹೋತ ಚಲೋ ಬಂದೈತಿ. ನನಗೊಂದ ಕಾಪಿ ಕೊಡ್ರಿ" ಎಂದ. ನನ್ನ ಕಲೆಗೆ ಬಂದ ಮೊದಲ ಬೇಡಿಕೆ ಅದು. ಇನ್ನು ಸವದತ್ತಿ ಗುಡ್ಡದ ಫೋಟೊಗಳು. ಬಿರು ಬೇಸಿಗೆಯಲ್ಲಿ ತೆಗೆದವು, ಆದರೂ ಗುಡ್ಡದ ತುಂಬ ತೆಳುವಾದ ಮಂಜು ಕವಿದಿದೆ. ನೋಡಿದವರು ಬೆರಗಾದರು, ನಾನೂ ತಲೆದೂಗಿದೆ. ಅದು ಮಸೂರದ ಮೇಲೆ ಕೂತಿದ್ದ ಜೋಳದ ಹಿಟ್ಟು ಎಂದು ಮಾಸ್ತರರು ಹೇಳಿದ ಮೇಲೂ ನಾನು ಮಂಜು ಎಂದೇ ಹೇಳಿಕೊಂಡು ಬಂದೆ. ಸುಳ್ಳು ಹೇಳುವ ರೂಢಿ ಹೀಗೆ ಸಣ್ಣದರಿಂದ ಬಂತು.

ಆ ಆಲ್ಬಮ್ಮಿನಲ್ಲಿ ನಮ್ಮ ಎಮ್ಮೆಯ ನಾಲ್ಕು ಫೋಟೊಗಳಿವೆ, ಅವ್ವನದು ಒಂದೂ ಇಲ್ಲ. ತಪ್ಪು ಪೂರ್ತಿ ನನ್ನದಲ್ಲ. ಕ್ಯಾಮೆರಾ ಎತ್ತಿದರೆ ಸಾಕು, ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು, "ನಂದೇನ ತಗೀತಿ, ಎಮ್ಮೀದ ತಗಿ. ಅದು ಹಾಲರ ಕೊಡತೈತಿ" ಎನ್ನುತ್ತಿದ್ದಳು. ಅವಳ ಮುಂದಿನ ಎರಡು ಹಲ್ಲು ಹೋಗಿದ್ದವು, ಅದು ಕಾಣಬಾರದು ಎಂಬುದು ಒಳಗಿನ ಕಾರಣ. ನಾನು ಮಾತು ಕೇಳುವ ಮಗ, ಎಮ್ಮೆಯ ಫೋಟೊ ತೆಗೆಯುತ್ತಿದ್ದೆ.

ಈಗ ಮಾಸ್ತರರ ಒಂದು ಗುಟ್ಟು ಹೇಳಬೇಕು. ಒಮ್ಮೆ ಅವರ ಜೊತೆ ಫ್ಲ್ಯಾಶು ಹಿಡಿಯಲು ಮದುವೆಯೊಂದಕ್ಕೆ ಹೋಗಿದ್ದೆ. ಅಕ್ಕಿಕಾಳು ಬಿದ್ದದ್ದೇ ತಡ, ಬೀಗರ ಬೀಗರೆಲ್ಲ ವೇದಿಕೆ ಹತ್ತಿ ಮದುಮಕ್ಕಳ ಜೊತೆ ನಿಲ್ಲತೊಡಗಿದರು. ಮಾಸ್ತರರು ಒಬ್ಬರಿಗೂ ಇಲ್ಲವೆನ್ನದೆ ಪಟ ಪಟ ಬೆಳಕು ಹೊಡೆದರು. ಒಂದೇ ರೋಲಿನಲ್ಲಿ ಇಷ್ಟು ಫೋಟೊ ಹೇಗೆ ಬರುತ್ತವೆ ಎಂದು ನಾನು ಲೆಕ್ಕ ತಪ್ಪಿ ಕೂತಾಗ, ಅವರು ಫ್ಲ್ಯಾಶಿನ ಬೆನ್ನಿಗಿದ್ದ ಚಿಕ್ಕ ಕೆಂಪು ಗುಂಡಿ ತೋರಿಸಿದರು. ಅದನ್ನು ಒತ್ತಿದರೆ ಬೆಳಕು ಬೀಳುತ್ತದೆ, ಕ್ಯಾಮೆರಾಕ್ಕೆ ಸುದ್ದಿಯೇ ಇರುವುದಿಲ್ಲ. "ಬರೇ ಬೆಳಕ, ತಮ್ಮಾ. ಮಂದಿಗೆ ಬೇಕಾಗಿದ್ದು ಮಾರಿ ಮ್ಯಾಲ ಬೆಳಕ ಬೀಳೂದು. ಫೋಟೊ ಯಾರ ಕೇಳಾಕ ಬರತಾರ?" ಎಂದರು. ನನಗೆ ಅದು ದೊಡ್ಡ ವಿದ್ಯೆಯಾಗಿ ಕಂಡಿತು. ಏಳನೆಯ ಇಯತ್ತೆಯ ತನಕ ಕಲಿತದ್ದೆಲ್ಲ ಮರೆತಿದೆ, ಇದೊಂದು ಮರೆಯಲಿಲ್ಲ.

ಶಾಂತಾಳನ್ನು ರಾಮದುರ್ಗಕ್ಕೆ ಕೊಟ್ಟ ಮರು ವರ್ಷದ ಪಂಚಮಿ. ತೊಂಬತ್ತರ ದಶಕದ ನಡುವೆ ಎಂದಿಟ್ಟುಕೊಳ್ಳಿ. ಪಡಸಾಲೆಯ ತೊಲೆಗೆ ಜೋಕಾಲಿ ಕಟ್ಟಿದ್ದೆವು. ಹೊರಗೆ ಜಿಟಿಜಿಟಿ ಮಳೆ, ಒಳಗೆ ಉಂಡಿಯ ವಾಸನೆ. ನಾನು ಮೂಲೆಯಲ್ಲಿ ಕೂತು ಮರುದಿನದ ಯೋಚನೆ ಮಾಡುತ್ತಿದ್ದೆ. ಸವದತ್ತಿಯ ಆಚೆ ನವಿಲುತೀರ್ಥದಲ್ಲಿ ಶ್ರಾವಣದ ಮಳೆಗೆ ನವಿಲು ಗರಿ ಬಿಚ್ಚುತ್ತವೆ ಎಂದು ಯಾರೋ ಹೇಳಿದ್ದರು. ರೋಲಿನಲ್ಲಿ ಉಳಿದದ್ದು ಒಂದೇ ಫೋಟೊ, ಅದು ನವಿಲಿಗೆಂದು ತೆಗೆದಿಟ್ಟದ್ದು. ಹಬ್ಬಕ್ಕೆ ಸ್ಟುಡಿಯೊ ಮುಚ್ಚಿತ್ತು, ಇನ್ನೊಂದು ರೋಲು ಸಿಗುವಂತಿರಲಿಲ್ಲ. ಅಷ್ಟರಲ್ಲಿ ಶಾಂತಾ ಕೂಗಿದಳು. "ಅಣ್ಣಾ, ಲಗೂನ ಬಾ. ಅವ್ವ ಜೋಕಾಲಿ ಏರ್ಯಾಳ. ಇಳಿಯೂದ್ರಾಗ ಒಂದ ಫೋಟೊ ತಗಿ."

ಹೋಗಿ ನೋಡಿದರೆ ಖರೆಯೇ. ಅವ್ವ ಹಗ್ಗ ಹಿಡಿದು ಕೂತಿದ್ದಳು, ಪಕ್ಕಕ್ಕೆ ಶಾಂತಾ. ಅವ್ವನ ಸೆರಗು ಎಂದಿನಂತೆ ಬಾಯಿಯ ಮೇಲಿತ್ತು. "ಹಲ್ಲ ಕಾಣಬಾರದ ನೋಡ" ಎಂದಳು. ಶಾಂತಾ ಅವಳ ಕಿವಿಯಲ್ಲಿ ಏನೋ ಹೇಳಿದಳು. ಅವ್ವ ಜೋರಾಗಿ ನಕ್ಕಳು, ಸೆರಗು ಜಾರಿತು. ನಾನು ಕ್ಯಾಮೆರಾ ಕಣ್ಣಿಗೆ ಹಿಡಿದು, ಉಸಿರು ಬಿಗಿಹಿಡಿದು, ಒಳ್ಳೆಯ ಕಲಾವಿದನಂತೆ ಒಂದು ಕಾಲು ಹಿಂದಿಟ್ಟು, ಕೆಂಪು ಗುಂಡಿ ಒತ್ತಿದೆ. ಪಡಸಾಲೆ ತುಂಬ ಬೆಳಕಾಯಿತು.

"ಅಯ್ಯ, ಹಲ್ಲ ಬಂದ್ವಲ್ಲೋ" ಎಂದಳು ಅವ್ವ.

"ಚಲೋ ಬಂದೈತಿ ಬೇ" ಎಂದೆ ನಾನು.

ಶಾಂತಾ ಇಳಿದು ಬಂದು ನನ್ನ ಕೈಯಿಂದ ಕ್ಯಾಮೆರಾ ತೆಗೆದುಕೊಂಡು, ಅದರ ಮೇಲಿನ ಹಿಟ್ಟನ್ನು ಸೆರಗಿನಿಂದ ಒರೆಸಿ ಕೊಟ್ಟಳು. ಒಳಗೆ ಅವ್ವ ಕೂತಿದ್ದಾಳೆ ಎಂಬಂತೆ ಎರಡೂ ಕೈಯಿಂದ ಜೋಪಾನವಾಗಿ ಕೊಟ್ಟಳು.

ಮರುದಿನ ನವಿಲುತೀರ್ಥಕ್ಕೆ ಹೋದೆ. ನವಿಲು ಗರಿ ಬಿಚ್ಚಿತು, ಸುಳ್ಳಲ್ಲ. ಆದರೆ ನನ್ನ ಕಡೆಗೆ ಬೆನ್ನು ಮಾಡಿ ಬಿಚ್ಚಿತು, ಅದೂ ಒಂದು ಜಾಲಿಕಂಟಿಯ ಹಿಂದೆ. ಅದನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಗಿರಣಿಯ ಗೋಡೆಗೆ ತೂಗುಹಾಕಿದೆ. ಕಾಳು ತಂದ ಹೆಣ್ಣುಮಕ್ಕಳು ಪಾಳಿ ಬರುವ ತನಕ ಅದನ್ನು ನೋಡುತ್ತ ನಿಲ್ಲುತ್ತಿದ್ದರು. ಒಬ್ಬ ಅಜ್ಜಿ ಕೊನೆಗೂ ತಡೆಯಲಾರದೆ, "ಗಿರಣಿ ಅಂದಮ್ಯಾಲ ಹಿಟ್ಟ ಗುಡಿಸಾಕ ಕಸಬರಗಿ ಬೇಕ ಬಿಡಪ್ಪಾ. ಖರೇ ಅದರ ಫೋಟೊ ಯಾಕ?" ಎಂದು ಕೇಳಿದಳು.

ದೀಪಾವಳಿಗೆ ತವರಿಗೆ ಬಂದ ಶಾಂತಾ ಚೀಲ ಇಳಿಸುವ ಮೊದಲೇ ಜೋಕಾಲಿ ಫೋಟೊ ಕೇಳಿದಳು. ಮಾಸ್ತರರ ಮದುವೆಮಂದಿ ಫೋಟೊ ಕೇಳಲು ಬರುತ್ತಿರಲಿಲ್ಲ. ನನ್ನ ತಂಗಿ ಬಂದಳು. ಆಗ ಬಾಯಿಗೆ ಬಂದದ್ದನ್ನು ಇಂದಿಗೂ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತವೆ. "ಅದೊಂದ ಫೋಟೊ ಕೆಟ್ಟೈತಿ ನೋಡ. ನೀ ಕ್ಯಾಮೆರಾ ಒರಸುಮುಂದ ಹಿಂದಿನ ಬಾಗಲಾ ಸಡ್ಲ ಮಾಡಿದ್ದಿ ಕಾಣಸ್ತೈತಿ. ಒಳಗ ಬೆಳಕ ಹೊಕ್ಕೈತಿ" ಎಂದೆ. ಬರೇ ಬೆಳಕು ಕೊಟ್ಟವನು ಬೆಳಕಿನ ಮೇಲೆಯೇ ತಪ್ಪು ಹೊರಿಸಿದೆ, ಉಳಿದದ್ದನ್ನು ತಂಗಿಯ ಮೇಲೆ. ಅವಳಿಗೆ ರೋಲಿನ ವಿದ್ಯೆ ಗೊತ್ತಿಲ್ಲ, ನಂಬಿದಳು. ಮುಖ ಸಣ್ಣದಾಯಿತು. ಅವ್ವ ಒಲೆಯ ಮುಂದಿನಿಂದ, "ಹೋಗ್ಲಿ ಬಿಡವಾ, ಮುಂದಿನ ಪಂಚಮಿಗೆ ಮತ್ತ ಕುಂಡ್ರೂಣು" ಎಂದಳು.

ಮುಂದಿನ ಪಂಚಮಿಗೆ ಅವ್ವ ಇರಲಿಲ್ಲ.

ಗೋಡೆಗೆ ಹಾಕಲು ಫೋಟೊ ಬೇಕೆಂದಾಗ ಮನೆಯೆಲ್ಲ ಹುಡುಕಿದೆವು. ಊರಿನ ಗುಡ್ಡ, ಕೋಟೆ, ಹೋತುಗಳ ಫೋಟೊ ಇಟ್ಟವನ ಮನೆಯಲ್ಲಿ ಹೆತ್ತವಳದು ಸಿಕ್ಕದ್ದು ಮತದಾರರ ಗುರುತಿನ ಚೀಟಿಯಲ್ಲಿ. ಅದನ್ನೇ ಮಾಸ್ತರರು ಹಿಗ್ಗಿಸಿ ಕೊಟ್ಟರು. ಬಾಯಿ ಬಿಗಿಹಿಡಿದು, ಹುಬ್ಬು ಗಂಟಿಕ್ಕಿ, ಓಟು ಕೇಳಲು ಬಂದವನನ್ನು ಬೈಯಲು ಎದ್ದ ಹಾಗಿದೆ. ಅವ್ವ ಹಾಗಿರಲಿಲ್ಲ ಎಂದು ನೋಡಲು ಬಂದವರಿಗೆಲ್ಲ ಹೇಳಬೇಕಾಗುತ್ತದೆ.

ಶಾಂತಾ ಅಂದಿನಿಂದ ಕ್ಯಾಮೆರಾ ಮುಟ್ಟಲಿಲ್ಲ. ಅವಳ ಮನೆಯಲ್ಲಿ ಮಕ್ಕಳ ಜವಳ, ಹೆಸರಿಡುವ ಬಾರಸಿ ಏನೇ ಆಗಲಿ, ಯಾರಾದರೂ ಹಿಡಿದುಕೊಳ್ಳಲು ಕ್ಯಾಮೆರಾ ಕೊಟ್ಟರೆ ಎರಡೂ ಕೈ ಬೆನ್ನ ಹಿಂದೆ ಹೋಗುತ್ತಿದ್ದವು. "ನಾ ಮುಟ್ಟಿದ್ರ ಕೆಡತೈತ್ರಿ" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ, ನಗದಿದ್ದರೆ ಯಾಕೆಂದು ಕೇಳುತ್ತಾರಲ್ಲ.

ಹೇಳಬೇಕೆಂದು ಮನಸ್ಸು ಮಾಡದೆ ಇರಲಿಲ್ಲ. ಪ್ರತಿ ದಸರೆಗೆ ಬನ್ನಿ ಕೊಡಲು ರಾಮದುರ್ಗಕ್ಕೆ ಹೋಗುತ್ತೇನೆ. ವರ್ಷವಿಡೀ ಜಗಳಾಡಿದವರೂ ಅಂದು ಬನ್ನಿ ಎಲೆ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೋಣು" ಎಂದರೆ ಹಳೆಯದೆಲ್ಲ ಮುಗಿದಂತೆ. ಬಸ್ಸಿನಲ್ಲಿ ಕೂತಾಗ ಮಾತು ಸಿದ್ಧವಾಗಿರುತ್ತಿತ್ತು. ಮಲಪ್ರಭೆಯ ಸೇತುವೆ ದಾಟುವಾಗ ಅರ್ಧ ಉದುರುತ್ತಿತ್ತು. ಮನೆ ಮುಟ್ಟಿದರೆ ಶಾಂತಾ ಬಂದು ಕಾಲಿಗೆ ನಮಸ್ಕಾರ ಮಾಡುವಳು. ಕಾಲು ಮುಟ್ಟಿದವಳ ಮುಂದೆ ತಪ್ಪಾಯಿತು ಎನ್ನುವ ರೂಢಿ ನಮ್ಮ ಅಣ್ಣಂದಿರಲ್ಲಿ ಇಲ್ಲ. ಆಮೇಲೆ ಶೇಂಗಾ ಹೋಳಿಗೆ, ತುಪ್ಪ. ಬಾಯಿ ತುಂಬಿದ ಮೇಲೆ ಮಾತು ಎಲ್ಲಿಂದ ಬರಬೇಕು? ಹೀಗೆ ಹತ್ತು ದಸರೆ ಬಂಗಾರ ಕೊಟ್ಟು ಹೋಳಿಗೆ ತಿಂದು ಬಂದೆ.

ಹನ್ನೊಂದನೆಯ ದಸರೆಗೆ ಹೋದಾಗ ಶಾಂತಾಳ ಮಗಳು ಸುಮಾಳ ಕೈಯಲ್ಲಿ ಡಿಜಿಟಲ್ ಕ್ಯಾಮೆರಾ ಇತ್ತು, ಬೆಳಗಾವಿಯ ಅವಳ ಕಾಕಾನದು. ನನ್ನ ಮುಂದೆ ಹೋಳಿಗೆಯ ತಾಟು ಬಂದಿತ್ತು. ಸುಮಾ ನನ್ನ ಪಕ್ಕ ಬಂದು ಕೂತು, "ಅವ್ವಾ, ಮಾಮಾಂದು ನಂದು ಒಂದ ತಗಿ. ಇಲ್ಲಿ ಒತ್ತಿದ್ರ ಮುಗೀತು" ಎಂದಳು.

ಶಾಂತಾಳ ಕೈಗಳು ಬೆನ್ನ ಹಿಂದೆ ಹೋದವು. "ಒಲ್ಲೆವಾ. ನಾ ಮುಟ್ಟಿ ನಮ್ಮವ್ವನ್ನ ಕಳಕೊಂಡಿದ್ದ ಸಾಕು. ಇನ್ನ ನಿಮ್ಮನ್ಯಾಕ."

"ಇದರಾಗ ರೋಲ ಇಲ್ಲಬೇ, ಕೆಡಾಕ ಏನೈತಿ?" ಎಂದಳು ಸುಮಾ.

ಆ ಸಲ ಇನ್ನೂ ಹೋಳಿಗೆ ಮುರಿದಿರಲಿಲ್ಲ, ಬಾಯಿ ಖಾಲಿ ಇತ್ತು. ಅದೇ ಕಾರಣವಿರಬೇಕು. "ಶಾಂತಾ, ಆವಾಗಿನ ಕ್ಯಾಮೆರಾದ ಬಾಗಲಾ ಒರಸಿದ್ರ ಸಡ್ಲ ಆಗೂದಿಲ್ಲ" ಎಂದೆ.

"ಮತ್ತ ಆ ಫೋಟೊ ಹೆಂಗ ಕೆಟ್ಟಿತು?"

"ಕೆಡಲಿಲ್ಲ."

"ಕೆಡಲಿಲ್ಲಂದ್ರ ಎಲ್ಲೈತಿ?"

"ಗಿರಣ್ಯಾಗ ನವಲ ಐತೆಲ್ಲ," ಎಂದೆ. "ಅದ ಅದು."

ಕೆಂಪು ಗುಂಡಿಯ ವಿಷಯ ಹೇಳಿದೆ. ಶಾಂತಾ ಕೇಳುತ್ತ ನಿಂತಳು. "ಹಂಗಾರ ಆ ಬೆಳಕು?" ಎಂದಳು. ಬರೇ ಬೆಳಕು ಎಂದೆ. ಅವಳು ಬಗ್ಗಿ ನನ್ನ ಮುಂದಿನ ತಾಟನ್ನು ಎತ್ತಿಕೊಂಡು ಒಳಗೆ ಇಟ್ಟು ಬಂದಳು.

"ಆ ದೀಪಾವಳಿ ದಿನ ಅವ್ವ ನನ್ನ ಹಿತ್ತಲಕ್ಕ ಕರದು ಹೇಳಿದ್ಲು," ಎಂದಳು ಬಂದು. "ಅಣ್ಣ ಆಸೇಲೆ ತಗದಿದ್ದ, ಕೆಟ್ಟಿದ್ದಕ್ಕ ಅವಗೂ ಕೆಟ್ಟ ಅನ್ಸಿರತೈತಿ. ಅದನ್ನ ತಗದು ಅವನ ಮುಂದ ಮತ್ತ ಮಾತಾಡಬ್ಯಾಡವಾ ಅಂತ. ಅದಕ್ಕ ನಾ ಇಷ್ಟ ವರ್ಷ ಕೇಳಲಿಲ್ಲ."

ನಾನು ಅಂಗಿಯ ಕಿಸೆಯಿಂದ ಬನ್ನಿ ತೆಗೆದು ಚಾಚಿದೆ. "ಹೋಗ್ಲಿ ಬಿಡ, ಹಬ್ಬದ ದಿನ. ಬನ್ನಿ ತಗೊಂಡು ಬಂಗಾರದಂಗ ಇರೋಣು."

ಅವಳು ತೆಗೆದುಕೊಳ್ಳಲಿಲ್ಲ. "ಇದೂ ಬರೇ ಬೆಳಕನ ಏನಣ್ಣಾ?" ಎಂದಳು. ಆಮೇಲೆ ಸುಮಾಳ ಕೈಯಿಂದ ಕ್ಯಾಮೆರಾ ಇಸಿದುಕೊಂಡಳು. ಬಿಸಿ ಪಾತ್ರೆ ಹಿಡಿದಂತೆ ಸೆರಗಿನಲ್ಲಿ ಹಿಡಿದು ನನ್ನತ್ತ ಗುರಿಯಿಟ್ಟಳು. "ಹೇಳೂದಿದ್ರ ಹೇಳು. ನಾ ಅಂತೂ ಖರೇನ ತಗೀತೇನಿ."

ಆ ಫೋಟೊ ಈಗ ನವಿಲಿನ ಜಾಗದಲ್ಲಿದೆ. ಅದು ಶಾಂತಾಳ ಮೊದಲ ಫೋಟೊ. ಮೂಗಿನಿಂದ ಮೇಲೆ ನಾನಿಲ್ಲ. ಒಂದು ತೆರೆದ ಬಾಯಿ ಇದೆ, ಕೆಳಗೆ ಬನ್ನಿ ಹಿಡಿದ ಒಂದು ಕೈ ಇದೆ. ಹಿಟ್ಟಿಗೆ ಬಂದವರು ನೋಡಿ, "ಹಾಡಾಕತ್ತೀರೇನ್ರಿ ಇದರಾಗ?" ಎಂದು ಕೇಳುತ್ತಾರೆ. ಗಿರಣಿಯ ಸದ್ದಿನಲ್ಲಿ ಕೇಳಿಸಲಿಲ್ಲ ಎಂಬಂತೆ ಇರುತ್ತೇನೆ. ಹಾಡಲ್ಲ. ಆ ಬಾಯಿ ಆಗ ಹೇಳುತ್ತಿದ್ದದ್ದು ಇಷ್ಟೇ:

"ನೀ ಕೆಡಸಲಿಲ್ಲ ಶಾಂತಾ, ನಾನ ತಗೀಲಿಲ್ಲ. ತಪ್ಪಾತವಾ ನಂದು."