ಈರಸಂಗಪ್ಪನವರ ತರಂಗ ದಿಗ್ವಿಜಯ

ಕಣ್ಣಿಗೆ ಕಾಣದೆ, ಕಿವಿಗೆ ಕೇಳದೆ, ಹೆಜ್ಜೆಯ ಸಪ್ಪಳವಿಲ್ಲದೆ ಮನೆಮನೆಯ ಮೂಲೆಮೂಲೆಗೂ ಹರಿಯುವ ತರಂಗರೂಪಿಣಿಯೇ, ನಿಮಿಷಮಾತ್ರದಲ್ಲಿ ಸಪ್ತಸಮುದ್ರಗಳನ್ನು ದಾಟಬಲ್ಲವಳಾದರೂ ಹುಬ್ಬಳ್ಳಿಯ ಹಳೇಪೇಟೆಯ ಒಂದು ಅಡುಗೆಮನೆಯನ್ನು ದಾಟಲಾರದೆ ಹೊಸ್ತಿಲಲ್ಲೇ ಮೂರ್ಛೆ ಹೋದವಳೇ, ನಿನಗೆ ಮೊದಲ ವಂದನೆ. ಮನುಷ್ಯರು ಬಂಧುಗಳ ಮನೆಗೆ ಕಾಲಿಟ್ಟೊಡನೆ ನೀರಿಗಿಂತ ಮುಂಚೆ ನಿನ್ನನ್ನೇ ಬೇಡುವ ಈ ಯುಗದಲ್ಲಿ, ಸ್ಥಾಲೀಚಷಕದರ್ವೀವಿಕ್ರಯಧುರಂಧರರೂ, ಸ್ವಬಾಹುಬಲೈಕವಿಶ್ವಾಸಿಗಳೂ, ಪರರ ಸಲಹೆಯೆಂಬ ಕಳಂಕ ಸೋಂಕದ ನಿರ್ಮಲ ಬುದ್ಧಿಯುಳ್ಳವರೂ ಆದ ಗುಡಗೇರಿ ಈರಸಂಗಪ್ಪನವರ ಪರಾಕ್ರಮವನ್ನು ಹೇಳಹೊರಟಿದ್ದೇವೆ. ಅಂದರೆ, ಅವರಿಗೆ ಸ್ಟೀಲ್ ಪಾತ್ರೆಯ ಅಂಗಡಿಯಿತ್ತು.

ಆ ವೀರರ ನಿವಾಸವು ಪಡಸಾಲೆ, ನಡುಮನೆ, ಅಡುಗೆಮನೆ, ಹಿಂದಿನ ಕೋಣೆ ಎಂಬ ನಾಲ್ಕು ಖಂಡಗಳಾಗಿ, ರೈಲಿನ ಡಬ್ಬಿಗಳಂತೆ ಒಂದರ ಬೆನ್ನಿಗೊಂದು ಹತ್ತಿಕೊಂಡು ಚಾಚಿತ್ತು. ಗೋಡೆಗಳು ಕಲ್ಲುಮಣ್ಣಿನವು, ಎಮ್ಮೆಯೊಂದು ಅಡ್ಡ ಮಲಗಿದರೆ ಎಷ್ಟೋ ಅಷ್ಟು ದಪ್ಪ. ಮೊಬೈಲ್ ಕಂಪನಿಯ ತರಂಗಗಳು ಅವುಗಳನ್ನು ಕಂಡು ಪಡಸಾಲೆಯಿಂದಲೇ ಕೈಮುಗಿದು ಹಿಂದಿರುಗುತ್ತಿದ್ದವು. ಪಡಸಾಲೆಯ ಗೂಡಿನಲ್ಲಿ ವೈಫೈ ಡಬ್ಬಿ ವಿರಾಜಮಾನವಾಗಿತ್ತು. ಅದರ ಪ್ರತಾಪ ಪಡಸಾಲೆಯಲ್ಲಿ ಪೂರ್ಣಚಂದ್ರ, ನಡುಮನೆಯಲ್ಲಿ ಅಷ್ಟಮಿಯ ಚಂದ್ರ, ಅಡುಗೆಮನೆಯ ಬಾಗಿಲಲ್ಲಿ ಬಿದಿಗೆಯ ಗೆರೆ. ಹಿಂದಿನ ಕೋಣೆಯಲ್ಲಿ ಶುದ್ಧ ಅಮಾವಾಸ್ಯೆ.

ಆ ಅಮಾವಾಸ್ಯೆಯಲ್ಲಿಯೇ ಈರಸಂಗಪ್ಪನವರ ಅತ್ತೆ ದುಂಡವ್ವ ಮಂಚ ಹಿಡಿದು ಮಲಗಿದ್ದರು. ಶ್ರಾವಣದಲ್ಲಿ ಅವರು ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದರು. ಆಪರೇಷನ್ ಆಗಿ, ರಾಡು ಹಾಕಿಸಿಕೊಂಡು, ಬಚ್ಚಲಿಗೆ ಹತ್ತಿರವೆಂದು ಹಿಂದಿನ ಕೋಣೆಗೇ ಸೇರಿಕೊಂಡಿದ್ದರು. ದಿನಾಲೂ ಎತ್ತಿ ಮುಂದೆ ತಂದು ಕೂರಿಸಬಾರದೆಂದು ಡಾಕ್ಟರರ ಅಪ್ಪಣೆಯಾಗಿತ್ತು. ಅವರು ಬಿದ್ದದ್ದು ಯಾವುದಕ್ಕೆ ಎಡವಿ ಎಂಬುದನ್ನು ಹೇಳದೆ ಮುಂದೆ ಹೋಗುವುದು ಕಥೆಗಾರನಿಗೆ ಧರ್ಮವಲ್ಲ. ಟೇಬಲ್ ಫ್ಯಾನಿಗೆಂದು ಈರಸಂಗಪ್ಪನವರೇ ನೆಲದ ಮೇಲೆ ಎಳೆದಿದ್ದ ವೈರಿಗೆ ಎಡವಿ. ಅಂದಿನಿಂದ ದುಂಡವ್ವ ಅಳಿಯನನ್ನು ನೇರವಾಗಿ ಮಾತಾಡಿಸಿರಲಿಲ್ಲ. ಹೇಳಬೇಕಾದದ್ದನ್ನು ಮಗಳಿಗೆ ಹೇಳುತ್ತಿದ್ದರು. ಅಳಿಯ ಪಕ್ಕದಲ್ಲೇ ನಿಂತಿದ್ದರೂ ಸರಿಯೆ. ಮಗಳು ಶಶಿಕಲಾ ಕೂಡ ಆ ದಿನವೇ ಭೀಷಣವಾದ ಪ್ರತಿಜ್ಞೆಯೊಂದನ್ನು ಕೈಗೊಂಡಿದ್ದಳು: "ಇನ್ನ ಮ್ಯಾಲೆ ಈ ಮನ್ಯಾಗ ನೆಲದ ಮ್ಯಾಲೆ ಒಂದು ವೈರ್ ಕಂಡಿತಂದ್ರ ನೋಡ್ರಿ ಮತ್ತ!"

ದುಂಡವ್ವನಿಗೆ ಸೊಲ್ಲಾಪುರದಲ್ಲಿ ಬಾಳವ್ವ ಎಂಬ ತಂಗಿಯಿದ್ದಳು. ಮೊದಲೆಲ್ಲ ದಿನವೂ ಪಡಸಾಲೆಯಲ್ಲಿ ಕುಳಿತು ವಿಡಿಯೋ ಕಾಲಿನಲ್ಲಿ ಅಕ್ಕತಂಗಿಯರು ಮಾತಾಡುತ್ತಿದ್ದರು. ಬಾಳವ್ವನಿಗೆ ಕಿವಿ ಕೇಳಿಸುವುದಿಲ್ಲ. ತುಟಿ ನೋಡಿಯೇ ಮಾತು ತಿಳಿಯುತ್ತಾಳೆ. ಬರಿಯ ದನಿಯ ಫೋನು ಅವಳಿಗೆ ಕಲ್ಲಿನ ಮುಂದೆ ಊದಿದ ಶಂಖ. ಹೀಗಾಗಿ ಶ್ರಾವಣದಿಂದ ಈಚೆಗೆ ಅಕ್ಕ ತಂಗಿಯ ಮುಖ ಕಂಡಿರಲಿಲ್ಲ, ತಂಗಿ ಅಕ್ಕನ ಮಾತು ಕಂಡಿರಲಿಲ್ಲ.

ಹೀಗಿರಲು, ಒಂದು ಗುರುವಾರ ಊಟದ ಹೊತ್ತಿಗೆ ಪ್ರತಿನಾಯಕನ ರಣಕಹಳೆ ಮೊಳಗಿತು. ಈರಸಂಗಪ್ಪನವರ ಷಡ್ಡಕ, ದುಂಡವ್ವನ ಹಿರಿಯ ಅಳಿಯ, ಬೆಳಗಾವಿಯ ರಾಚಪ್ಪ ಹಲಗತ್ತಿ ಫೋನು ಮಾಡಿದ್ದರು. ಹೊಸ ಮನೆ, ಹೊಸ ಕಾರು, ಹೊಸ ಹಲ್ಲಿನ ಸೆಟ್ಟು ಎಂಬ ತ್ರಿವಿಧ ವೈಭವದಿಂದ ಮೆರೆಯುತ್ತಿದ್ದ ಆ ಮಹಾಶಯರ ಕಂಠ ಸ್ಪೀಕರಿನಿಂದ ಹೊಮ್ಮಿ ಹಿಂದಿನ ಕೋಣೆಯವರೆಗೂ ಕೇಳಿಸಿತು.

"ಈರಸಂಗಪ್ಪ, ಆಯ್ತವಾರ ಕಾರ್ ತಗೊಂಡ್ ಬರ್ತೀನಿ. ಅತ್ತಿಯಾರನ್ನ ಹಿಂದಿನ ಸೀಟಿನ್ಯಾಗ ಮಲಗಿಸ್ಕೊಂಡು ಇಲ್ಲೇ ಕರ್ಕೊಂಡ್ ಬಂದ್ಬಿಡ್ತೀನಿ. ನಮ್ಮ ಮನ್ಯಾಗ ವೈಫೈ ಬಚ್ಚಲದಾಗೂ ಬರ್ತೈತಿ ನೋಡಪಾ!"

ಬಚ್ಚಲಲ್ಲಿ ಕುಳಿತು ಯಾರೊಡನೆ ಮಾತಾಡುತ್ತೀಯೆಂದು ಕೇಳಬಹುದಾಗಿತ್ತು. ಈ ಉತ್ತರರೂಪದ ದಿವ್ಯಾಸ್ತ್ರವು ಈರಸಂಗಪ್ಪನವರ ಬತ್ತಳಿಕೆಗೆ ಬಂದು ಸೇರಿದ್ದು ಫೋನಿಟ್ಟು, ಊಟ ಮುಗಿಸಿ, ಕೈತೊಳೆದ ಮೇಲೆ. ಅಷ್ಟರಲ್ಲಿ ಒಳಗಿನಿಂದ ದುಂಡವ್ವನ ದನಿ ಬಂದಿತ್ತು.

"ಶಶೀ, ಹೋದ್ರಾತು ಬಿಡ. ಅಲ್ಲೆರ ಬಾಳವ್ವನ ಮಾರಿ ಕಂಡೀತು."

ಗಾಯದ ಮೇಲೆ ಖಾರ ಬಿದ್ದರೆ ಹೇಗೋ ಹಾಗೆ ಆ ಮಾತು ಈರಸಂಗಪ್ಪನವರ ಎದೆಗೆ ಬಿತ್ತು. ಅತ್ತೆ ಬಿದ್ದದ್ದು ತಮ್ಮ ಮನೆಯಲ್ಲಿ. ಎದ್ದು ನಡೆಯುವುದು ರಾಚಪ್ಪನ ಮನೆಯಲ್ಲಿ! ಅವರು ಒದ್ದೆ ಕೈಯನ್ನು ಆಕಾಶದತ್ತ ಎತ್ತಿ, ನಡುಮನೆಯ ಕಂಬಗಳು ಸಾಕ್ಷಿಯಾಗಿ ನುಡಿದರು: "ಆಯ್ತವಾರ ಹೊತ್ತು ಮುಳುಗೂದ್ರಾಗ ಅತ್ತಿಯಾರ ಮಂಚದ ಬುಡಕ ಸಿಗ್ನಲ್ಲಿನ ಕಡ್ಡಿ ತುಂಬ ತಂದು ನಿಂದರಸ್ತೀನಿ! ನಿಂದರಸಲಿಲ್ಲಂದ್ರ ನಾ ಗುಡಗೇರಿ ಮನೆತನದಾಗ ಹುಟ್ಟಿದ ಮಗಾನ ಅಲ್ಲ!"

"ಮೊದಲ ಕೈ ಒರಸ್ಕೋರಿ," ಎಂದಳು ಶಶಿಕಲಾ. "ನೀರು ಸುರ್ಯಾಕತ್ತೈತಿ. ಮತ್ತ ಯಾರರ ಜಾರಿ ಬಿದ್ದಾರು."

ಮರುದಿನ ಅಂಗಡಿಯಿಂದ ಸೈನ್ಯ ಬಂತು. ಸೈನ್ಯವೆಂದರೆ ಪರಾತಗಳು. ರೊಟ್ಟಿಯ ಹಿಟ್ಟು ನಾದುವ ಅಗಲವಾದ ಸ್ಟೀಲ್ ಪರಾತಗಳು, ಒಂದಕ್ಕಿಂತ ಒಂದು ದೊಡ್ಡವು, ಆಟೋ ತುಂಬ. ಕನ್ನಡಿಗೆ ಬಿದ್ದ ಬಿಸಿಲು ತಿರುಗುವಂತೆ ಲೋಹಕ್ಕೆ ತಾಗಿದ ತರಂಗವೂ ತಿರುಗುತ್ತದೆಂದು ಗಿರಾಕಿಯೊಬ್ಬರು ಎಂದೋ ಹೇಳಿದ್ದು ಅವರಿಗೆ ನೆನಪಿತ್ತು. ಸಿಗ್ನಲ್ಲನ್ನು ಬಾಗಿಲಿಂದ ಬಾಗಿಲಿಗೆ ಪುಟಿಸುತ್ತ ಹಿಂದಿನ ಕೋಣೆಗೆ ಮುಟ್ಟಿಸುವುದೇ ಆ ವ್ಯೂಹದ ಮರ್ಮ. ಒಂದು ಪರಾತ ಸ್ಟೂಲಿನ ಮೇಲೆ, ಒಂದು ಟ್ರಂಕಿನ ಮೇಲೆ, ಒಂದು ಜೋಳದ ಡಬ್ಬದ ಮೇಲೆ, ಮಹಾಕಾಯವಾದ ಮದುವೆಮನೆಯ ಪರಾತ ಅಡುಗೆಮನೆಯ ಹೊಸ್ತಿಲಿಗೆ ಒರಗಿ, ಹೀಗೆ ಥಳಥಳಿಸುತ್ತ ನಿಂತ ಆ ಸೇನೆಯನ್ನು ಕಂಡು ಸೂರ್ಯನೇ ಒಮ್ಮೆ ಕಣ್ಣು ಕಿರಿದು ಮಾಡಿದನು. ಮೊಬೈಲು ಹಿಡಿದು ಅತ್ತೆಯ ಮಂಚದ ಬಳಿ ನಿಲ್ಲುವ ಕೆಲಸ ಶಶಿಕಲಾಳದು.

"ಬಂತೇನ?" ಎಂದು ಪಡಸಾಲೆಯ ದಿಕ್ಕಿನಿಂದ ಸಿಂಹನಾದ.

"ಇಲ್ಲ."

ಸೇನಾಪತಿಗಳು ಒಂದು ಪರಾತವನ್ನು ಎಡಕ್ಕೆ ತಿರುಗಿಸಿದರು. "ಈಗ?"

"ಇಲ್ರೀ."

"ಈಗ?"

"ಒಂದ್ ಕಡ್ಡಿ ಬಂತ್... ಹೋತು."

ಬಂದು ಹೋದ ಆ ಒಂದು ಕಡ್ಡಿ ವೀರರಲ್ಲಿ ಉನ್ಮಾದವನ್ನೇ ಎಬ್ಬಿಸಿತು. ಅವರು ಹಾರಿ ಬಂದು ಮದುವೆಮನೆಯ ಪರಾತವನ್ನು ಕೂದಲೆಳೆಯಷ್ಟು ಓರೆ ಮಾಡಲು, ಅದು ಜಾರಿ ಜೋಳದ ಡಬ್ಬದ ಪರಾತವನ್ನು ಬಡಿಯಿತು. ಅದು ಟ್ರಂಕಿನದನ್ನು, ಟ್ರಂಕಿನದು ಸ್ಟೂಲಿನದನ್ನು. ಪ್ರಳಯಕಾಲದ ಮೇಘಗಳು ಒಂದಕ್ಕೊಂದು ಡಿಕ್ಕಿ ಹೊಡೆದರೆ ಎಂಥ ಸದ್ದಾದೀತೋ ಅಂಥ ಸದ್ದೆದ್ದು, ಒಂದು ಪರಾತ ನೆಲದ ಮೇಲೆ ಬಹಳ ಹೊತ್ತು ಗಿರಗಿರನೆ ತಿರುಗಿ ತನ್ನದೇ ವೇಳೆಗೆ ಸುಮ್ಮನಾಯಿತು.

ಆ ಮೌನದಲ್ಲಿ ಹಿಂದಿನ ಕೋಣೆಯಿಂದ ದುಂಡವ್ವ ಕೇಳಿದರು: "ಶಶೀ, ಈ ಸಲ ಯಾರ ಬಿದ್ರ?"

ಶನಿವಾರ ಈರಸಂಗಪ್ಪನವರು ಪೇಟೆಗೆ ಹೋಗಿ ವೈಫೈ ಎಕ್ಸ್‌ಟೆಂಡರನ್ನು ತಂದರು. ಸೊಳ್ಳೆ ಓಡಿಸುವ ಯಂತ್ರದಂತೆ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸುವ ಬಿಳಿಯ ಡಬ್ಬಿ. ಇತ್ತಿಂದ ಬಂದ ಸಿಗ್ನಲ್ಲನ್ನು ಹಿಡಿದು ಅತ್ತ ಸಾಗಿಸುವ ದೂತ. ಪೆಟ್ಟಿಗೆಯ ಮೇಲೆ ಒಂದು ಚಿತ್ರವಿತ್ತು: ಒಂದು ಮನೆ, ಈ ತುದಿಗೆ ರೂಟರು, ಆ ತುದಿಗೆ ನಗುತ್ತಿರುವ ಹೆಂಗಸು, ಡಬ್ಬಿ ನಟ್ಟನಡುವೆ. ಚಿತ್ರ ನೋಡಿ ಯುದ್ಧ ಮಾಡುವುದು ಆ ವಂಶದ ಸಂಪ್ರದಾಯವಲ್ಲ. ಸಿಗ್ನಲ್ ಎಲ್ಲಿ ಇಲ್ಲವೋ ಅಲ್ಲಿಯೇ ಅದನ್ನು ಸಿಕ್ಕಿಸಬೇಕೆಂದು ನಿಶ್ಚಯಿಸಿ, ಅತ್ತೆಯ ಮಂಚದ ತಲೆದೆಸೆಯ ಪ್ಲಗ್ಗಿಗೆ ಸಿಕ್ಕಿಸಿದರು. ಕೆಂಪು ದೀಪ ಹತ್ತಿತು. ಸಂಜೆಯವರೆಗೂ ಕೆಂಪಾಗಿಯೇ ಇತ್ತು. ಬರಿದಾದ ಕೊಡದಿಂದ ಬರಿದಾದ ಕೊಡಕ್ಕೆ ನೀರು ಬಗ್ಗಿಸುವವನು ಎಷ್ಟು ಹೊತ್ತು ಬಗ್ಗಿಸಿದರೇನು?

"ದೀಪ ಚೊಲೋ ಐತಿ," ಎಂದರು ದುಂಡವ್ವ, ಮಗಳಿಗೆ. "ದೇವರ ಮುಂದ ಇಡಬೇಕಿತ್ತು."

ಆಯ್ತವಾರ ಬಂತು. ರಾಚಪ್ಪನ ಕಾರು ಕಿತ್ತೂರು ದಾಟಿರಬಹುದೆಂದು ಎಣಿಸುತ್ತ, ಈರಸಂಗಪ್ಪನವರು ಕೊನೆಗೆ ಪೆಟ್ಟಿಗೆಯ ಚಿತ್ರವನ್ನು ನೋಡಿದರು. ಆಮೇಲೆ ಮೊಬೈಲನ್ನು ಎದೆಯ ಮುಂದೆ ಹಿಡಿದು, ನೀರು ನೋಡುವವನು ಹೊಲದಲ್ಲಿ ಕಡ್ಡಿ ಹಿಡಿದು ತಿರುಗುವಂತೆ ಮನೆಯೆಲ್ಲ ತಿರುಗಿದರು. ಸಿಗ್ನಲ್ ಇನ್ನೂ ಜೀವ ಹಿಡಿದುಕೊಂಡಿರುವ, ಹಿಂದಿನ ಕೋಣೆಯೂ ಎದುರಿಗೆ ಕಾಣುವ ಜಾಗ ಇಡೀ ಮನೆಯಲ್ಲಿ ಒಂದೇ ಒಂದಿತ್ತು. ಅಡುಗೆಮನೆಯ ಬಾಗಿಲ ಪಕ್ಕದ ಕಟ್ಟೆ. ಅಲ್ಲಿ ಪ್ಲಗ್ಗೂ ಒಂದೇ ಇತ್ತು. ಆ ಪ್ಲಗ್ಗಿನಲ್ಲಿ ಮಿಕ್ಸರಿತ್ತು. ಮಿಕ್ಸರಿನ ಮುಂದೆ, ಪಾಕಶಾಲಾಧೀಶ್ವರಿಯೂ, ಶೇಂಗಾಚೂರ್ಣಧೂಸರಿತಕರಕಮಲೆಯೂ, ಹಿಂದೆಂದೂ ಒಂದು ಗೇಣು ನೆಲ ಬಿಟ್ಟುಕೊಡದವಳೂ ಆದ ಶಶಿಕಲಾ ನಿಂತಿದ್ದಳು.

"ಆ ಪ್ಲಗ್ ಬಿಡು," ಎಂದರು ಈರಸಂಗಪ್ಪನವರು.

ಉತ್ತರವಾಗಿ ಮಿಕ್ಸರು ಘರ್ಜಿಸಿತು. ಅದು ನಿಂತ ಮೇಲೆ ಅವಳು ಹೇಳಿದಳು: "ಮದಿವ್ಯಾಗಿ ಬಂದಾಗಿಂದ ನಿಮ್ಮ ಹೊಟ್ಟಿ ತುಂಬಿದ್ದು ಈ ಪ್ಲಗ್ಗಿನ ಮ್ಯಾಲೆ. ಬಿಡು ಅಂದ್ರ ಬಿಡಾಕ ಇದೇನು ನಿಮ್ಮ ಅಂಗಡಿ ಕಟ್ಟಿ ಅಂತ ತಿಳದೀರೇನ?"

"ಒಂದು ಎಕ್ಸ್‌ಟೆನ್ಶನ್ ಬೋರ್ಡ್ ಹಚ್ಚಿ ವೈರ್..."

ವೈರ್ ಎಂಬ ಶಬ್ದ ಬಾಯಿಂದ ಬಿದ್ದಿದ್ದೇ ತಡ, ಅವಳು ಸೌಟು ಎತ್ತಿದಳು. ಹೊಡೆಯಲೆಂದಲ್ಲ, ತೋರಿಸಲೆಂದು. ಸೌಟಿನ ತುದಿ ಹಿಂದಿನ ಕೋಣೆಯ ಕಡೆಗಿತ್ತು. "ಅಲ್ಲಿ ಮಲಗ್ಯಾಳಲ್ಲ, ಆಕಿನ್ನ ಕೇಳ್ರಿ. ವೈರ್ ಅಂದ್ರ ಏನಂತ ಹೇಳ್ತಾಳ."

ಈರಸಂಗಪ್ಪನವರು ಎದೆಯುಬ್ಬಿಸಿದರು. ಗುಡಗೇರಿ ಮನೆತನದ ಹೆಸರೆತ್ತಲು ಬಾಯಿ ತೆರೆದರು. ಆದರೆ ಆ ಮನೆತನದವರು ಆ ಹೊತ್ತಿಗೆ ಯಾರೂ ಒದಗಿ ಬರಲಿಲ್ಲ. ಎದೆ ತಾನಾಗಿಯೇ ಇಳಿಯಿತು. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಸಣ್ಣ ದನಿಯಲ್ಲಿ ಹೇಳಿದರು.

"ಶಶೀ, ಅತ್ತಿಯಾರು ಬಿದ್ದಿದ್ದು ನನ್ನ ವೈರಿಗೆ. ಅದು ನನಗ ಗೊತ್ತೈತಿ, ದಿನಾ ಗೊತ್ತಿರ್ತೈತಿ. ಇವತ್ತ ಅವರು ಆ ಕಾರ್ ಹತ್ತಿ ಹೋದ್ರ, ಇನ್ನ ನಾ ಯಾವಾಗ ಸರಿ ಮಾಡ್ಲಿ?"

ಶಶಿಕಲಾ ಶೇಂಗಾಪುಡಿಯನ್ನು ಡಬ್ಬಕ್ಕೆ ಸುರಿದಳು. ಆಮೇಲೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಸ್ವಿಚ್ಚು ಆರಿಸಿ, ಮಿಕ್ಸರಿನ ಪ್ಲಗ್ಗನ್ನು ಎಳೆದಳು. ಅಜೇಯವೆನಿಸಿದ ಆ ಕೋಟೆ ಬಿದ್ದದ್ದು ಹೀಗೆ. 'ಟಕ್' ಎಂದಷ್ಟೇ ಸದ್ದಾಯಿತು.

"ಮುಂಜಾನಿ ಮಿಕ್ಸರ್," ಎಂದು ಅವಳು ಸಂಧಿಯ ಕರಾರು ಸಾರಿದಳು. "ಊಟಾದ ಮ್ಯಾಲೆ ನಿಮ್ಮ ಡಬ್ಬಿ. ಹಬ್ಬಹುಣ್ಣಿವಿಗೆ ದಿನಪೂರ್ತಿ ಮಿಕ್ಸರ್."

"ಆತು."

"ಮತ್ತ ಆ ಪರಾತ ಎಲ್ಲಾ ಇವತ್ತ ಅಂಗಡಿಗೆ ವಾಪಸ್ ಹೋಗಬೇಕು."

"ಆತಂತ ಅಂದ್ನಲ್ಲ."

ಡಬ್ಬಿ ಸಿಕ್ಕಿಸಿದರು. ಕೆಂಪು ದೀಪ ಮಿನುಗಿತು, ಯೋಚಿಸಿತು, ಹಳದಿಯಾಯಿತು. ದೀಪ ಹಸಿರಾಯಿತು. ಈರಸಂಗಪ್ಪನವರು ಮೊಬೈಲು ಹಿಡಿದು ಹಿಂದಿನ ಕೋಣೆಗೆ ಧಾವಿಸಿ, ಸಿಗ್ನಲ್ಲಿನ ಕಡ್ಡಿಗಳೆಲ್ಲವೂ ಭರ್ತಿಯಾಗಿ ನಿಂತಿರುವುದನ್ನು ಕಂಡರು. ಸೊಲ್ಲಾಪುರಕ್ಕೆ ವಿಡಿಯೋ ಕಾಲು ಹಚ್ಚಿ, ಅತ್ತೆಯ ಕೈಗೆ ಕೊಟ್ಟರು.

ಮೊದಲು ಒಂದು ಛಾವಣಿ ಕಾಣಿಸಿತು, ಬಳಿಕ ವಿಭೂತಿ ಹಚ್ಚಿದ ಹಣೆ. ಅತ್ತಕಡೆ ಸೊಸೆ ಫೋನನ್ನು ಕೆಳಗಿಳಿಸಿದಾಗ ಬಾಳವ್ವನ ಮುಖ ಪೂರ್ತಿ ಬಂತು. ಅಕ್ಕತಂಗಿಯರು ಒಬ್ಬರನ್ನೊಬ್ಬರು ನೋಡಿದರು. ಶ್ರಾವಣದಿಂದ ಕೂಡಿಟ್ಟ ಮಾತು, ಆಪರೇಷನ್ನಿನ ನೋವು, ಸೊಲ್ಲಾಪುರದ ಸುದ್ದಿ, ಎಲ್ಲ ಈಗ ಕಟ್ಟೆಯೊಡೆದು ಹರಿಯುವುದೆಂದು ವೀರದಂಪತಿಗಳು ಬಾಗಿಲಲ್ಲಿ ನಿಂತು ಕಾದರು.

"ಊಟಾತೇನ?" ಎಂದು ದುಂಡವ್ವ ಬಾಯಿ ಅಗಲಿಸಿ, ಅಕ್ಷರ ಅಕ್ಷರ ಬಿಡಿಸಿ ಕೇಳಿದರು.

"ಆತು. ನಿಂದು?"

"ಆತು. ಏನ್ ಮಾಡಿದ್ರಿ?"

"ಬದನಿಕಾಯಿ."

"ನಾವೂ ಬದನಿಕಾಯಿ."

ದುಂಡವ್ವ ಬೆರಳ ತುದಿಯಿಂದ ಫೋನಿನ ಗಾಜನ್ನು ಒರೆಸಿದರು. ಕೊಳೆಯೇನೂ ಇರಲಿಲ್ಲ.

"ರಾಚಪ್ಪನ ಮನಿಗೆ ಹೊಕ್ಕಿ ಅಂತ ಸುದ್ದಿ ಬಂತಲ್ಲ?" ಎಂದಳು ಬಾಳವ್ವ.

"ಯಾರಂದ್ರ? ಎಲ್ಲೂ ಹೋಗೂದಿಲ್ಲ, ಇಲ್ಲೇ ಅದೀನಿ. ಅವರ ಮನ್ಯಾಗ ಚಟ್ನಿಗೆ ಖಾರಾನ ಹಾಕೂದಿಲ್ಲವಾ." ದುಂಡವ್ವ ದಿಂಬನ್ನು ಸರಿಪಡಿಸಿಕೊಂಡರು. "ಇಡ್ಲ್ಯಾ?"

"ಇಡು. ನಾಳೆ ಹಚ್ಚು."

ಫೋನು ಆರಿತು. ಮೂರು ದಿನಗಳ ಸಮರದ ಫಲವಾದ ಆ ಸಂವಾದವು ಹಾಲು ಕಾಯುವಷ್ಟು ಹೊತ್ತು ಕೂಡ ನಡೆಯಲಿಲ್ಲ. ಶಶಿಕಲಾ ಸೆರಗಿನಿಂದ ಕಣ್ಣೊರೆಸಿಕೊಂಡು, ಶೇಂಗಾಪುಡಿ ಕಣ್ಣಿಗೆ ಹೋಯಿತೆಂದಳು. ರಾಚಪ್ಪನಿಗೆ ದಾರಿಯಲ್ಲಿ ಎಲ್ಲಿದ್ದಾನೋ ಅಲ್ಲಿಂದಲೇ ತಿರುಗಲು ಹೇಳಬೇಕಿತ್ತು, ಆದರೆ ಅದು ಯಾರ ನೆನಪಿಗೂ ಬರಲಿಲ್ಲ. ಈರಸಂಗಪ್ಪನವರು ಬಾಗಿಲಲ್ಲೇ ನಿಂತಿದ್ದರು. ದುಂಡವ್ವ ದಿಂಬಿನ ಮೇಲೆ ತಲೆಯಿಟ್ಟು, ಅವರತ್ತ ನೋಡಿದರು.

"ಅಳ್ಯಾರ."

ಶ್ರಾವಣದ ನಂತರದ ಮೊದಲ ಮಾತು! ದಿಕ್ಪಾಲಕರು ಕಿವಿಗೊಟ್ಟರು. ದೇವತೆಗಳು ಮುಷ್ಟಿ ತುಂಬ ಹೂವು ಹಿಡಿದು, ಯಾವ ಕ್ಷಣ ಸುರಿಸಬೇಕೆಂದು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಈರಸಂಗಪ್ಪನವರು ಗಂಟಲು ಸರಿಮಾಡಿಕೊಂಡು, "ಏನ್ರೀ ಅತ್ತಿಯಾರ?" ಎಂದರು.

"ಆ ಹಸರ ದೀಪ ಕಣ್ಣಾಗ ಚುಚ್ಚತೈತಿ. ಮಕ್ಕೋಬೇಕು. ಏನರ ಮುಚ್ರಿ."

ಈರಸಂಗಪ್ಪನವರು ಅಡುಗೆಮನೆಗೆ ಹೋದರು. ಶಶಿಕಲಾ ಕನ್ನಡಿಗೆ ಅಂಟಿಸಿಟ್ಟಿದ್ದ ಹಣೆಗಿಡುವ ಒಂದು ಟಿಕಳಿಯನ್ನು ಕಿತ್ತು ಕೊಟ್ಟಳು. ಅವರು ಅದನ್ನು ದೀಪದ ಮೇಲೆ ಹಚ್ಚಿ, ಬಗ್ಗಿ ನೋಡಿದರು. ಟಿಕಳಿ ತುಸು ಚಿಕ್ಕದಾಗಿತ್ತು. ಇನ್ನೊಂದು ಇಸಿದುಕೊಂಡು ಹಚ್ಚಿದರು.