ವಿಲ್ಬರ್ಟನ ಹುಂಜಕ್ಕೊಂದು ಮೈತ್ರಿ

ಎಲ್ಲದಕ್ಕೂ ಮೂಲ ಪಕ್ಕದ ಮನೆಯ ವಿಲ್ಬರ್ಟನ ಹುಂಜ. ತಾನು ಕೂಗಿದರೇ ಬೆಳಗಾಗುವುದು ಎಂದು ನಂಬಿದ ಹುಂಜಗಳು ಲಂಕೆಯ ತುಂಬ ಇವೆ. ಕೂಗುತ್ತಲೇ ಇದ್ದರೆ ಬೇಗ ಬೆಳಗಾಗುತ್ತದೆ ಎಂದು ನಂಬಿದ್ದು ಇದೊಂದೇ. ಬೇಲಿಯಾಚೆಯ ಹಲಸಿನ ಕೊಂಬೆ ಹತ್ತಿ, ದರ್ಜಿ ಸಿರಿಸೋಮನ ಕಿಟಕಿಗೆ ಸರಿಯಾಗಿ ಕೊಕ್ಕು ತಿರುಗಿಸಿ, ಹೊತ್ತುಗೊತ್ತಿಲ್ಲದೆ ಕೂಗುತ್ತಿತ್ತು. ತಿಂಗಳಿಂದ ಸಿರಿಸೋಮನಿಗೆ ನಿದ್ದೆಯಿಲ್ಲ. ಹಗಲು ಹೊಲಿಗೆ ಯಂತ್ರಕ್ಕೆ ತಲೆಯಾನಿಸಿ ಒಂದು ಕೋಳಿನಿದ್ದೆ ತೆಗೆಯೋಣವೆಂದರೆ, ಅದಕ್ಕೂ ಕೋಳಿಯೇ ಕಲ್ಲು ಹಾಕುತ್ತಿತ್ತು.

ಹೋದ ವಾರ ಹೆಡ್‌ಮಾಸ್ತರರ ಅಂಗಿಗೆ ಎರಡೂ ಎಡತೋಳನ್ನೇ ಹೊಲಿದ. ಮೊನ್ನೆ ಮದುಮಗಳ ರವಿಕೆಗೆ ಜೇಬಿಟ್ಟ.

"ಇನ್ನೊಂದು ಬಟ್ಟೆ ಕೆಡಿಸಿದ್ರೆ ಅಂಗಡಿ ಮುಚ್ಚೋದೇ ಗತಿ" ಎಂದಳು ಹೆಂಡತಿ ಕುಸುಮಲತಾ. "ನಾಳೆ ಪೋಯ ಹುಣ್ಣಿಮೆ. ಬುದ್ಧ ವಿಹಾರಕ್ಕೆ ಹೋಗಿ ಒಂದು ದಿನದ ಶೀಲವ್ರತ ತಗೊಂಡು ಧ್ಯಾನಕ್ಕೆ ಕೂತ್ಕೊಳ್ಳಿ. ಮನಸ್ಸು ಸುಮ್ಮನಾದ್ರೆ ನಿದ್ದೆ ತಾನಾಗೇ ಬರತ್ತೆ."

ಬೆಳಿಗ್ಗೆಯೇ ಬಿಳಿ ಬಟ್ಟೆ ಉಟ್ಟು ಹೋದ. ಕೆಂಗಣ್ಣು ನೋಡಿ ಹಿರಿಯ ಭಿಕ್ಷುಗಳು ಪಕ್ಕಕ್ಕೆ ಕರೆದರು.

"ಮೈತ್ರಿ ಅಂದ್ರೆ ಷರತ್ತಿಲ್ಲದ ಪ್ರೀತಿ ಕಣಪ್ಪ. ಮೊದಲು ನಿನಗೆ ಕೊಟ್ಟುಕೋ. ಆಮೇಲೆ ಬೇಕಾದವರಿಗೆ. ಆಮೇಲೆ ಬೇಕೂ ಅಲ್ಲದ, ಬೇಡವೂ ಅಲ್ಲದವರಿಗೆ. ಕಡೆಗೆ ವೈರಿಗೆ. ನಿನ್ನ ವೈರಿ ಯಾರು?"

"ಒಂದು ಹುಂಜ, ಭಂತೇ."

ಭಿಕ್ಷುಗಳು ನಗಲಿಲ್ಲ. ಊರಿನ ಜಗಳ ಕೇಳಿ ಕೇಳಿ ಅವರ ನಗು ಸವೆದಿತ್ತು. "ಹಾಗಾದ್ರೆ ಹುಂಜಕ್ಕೇ ಕೊಡು. ಸಂಜೆವರೆಗೂ ಮಾತು ಬೇಡ."

ಬೋಧಿವೃಕ್ಷದ ಕೆಳಗೆ ಕೂತ. ತನಗೆ ತಾನೇ ಪ್ರೀತಿ ಕೊಟ್ಟುಕೊಂಡ, ಅದು ಆಕಳಿಸಿತು. ಹೆಂಡತಿಗೆ ಕೊಟ್ಟ, ಅಂಚೆಯವನಿಗೆ ಕೊಟ್ಟ. ಹುಂಜದ ಸರದಿ ಬಂತು. ಕಣ್ಣೊಳಗೆ ಕೆಂಪು ಜುಟ್ಟು ಕಾಣಿಸಿದ್ದೇ ತಡ, ಪ್ರೀತಿ ಪುರ್ರನೆ ಹಾರಿಹೋಯಿತು.

"ಸಿರಿಸೋಮಾ! ಮನಸ್ಸು ಸುಮ್ಮನಾಯ್ತಾ?"

ವಿಹಾರಕ್ಕೆ ದಾನ ಕೊಡುವವರ ದಾಯಕ ಮಂಡಳಿಯ ಅಧ್ಯಕ್ಷೆ ಯಸವತಿ ಅಕ್ಕ. ಕಿವಿಯಲ್ಲಿ ಗುಟ್ಟು ಹೇಳಿದರೂ ಮೈಕಿನಲ್ಲಿ ಹೇಳಿದಂತಿರುತ್ತಿತ್ತು. ಮೌನದಲ್ಲಿದ್ದ ಸಿರಿಸೋಮ ಇಲ್ಲವೆಂದು ತಲೆಯಾಡಿಸಿದ.

"ಯಾಕಾಗಿಲ್ಲ? ನನಗೆ ಹತ್ತೇ ನಿಮಿಷಕ್ಕೆ ಆಗಿಬಿಡತ್ತಪ್ಪ! ಬೆನ್ನು ನೆಟ್ಟಗೆ! ಮುಖ ಯಾಕೆ ಹಾಗೆ ಹುಳ್ಳಗೆ? ನಗು, ನಗು!"

ಕಾಲು ಗಂಟೆಗೊಮ್ಮೆ ಬಂದು, ಒಲೆಯ ಮೇಲಿನ ಅನ್ನ ಹಿಚುಕಿ ನೋಡುವ ಹಾಗೆ ಅವನ ಮನಸ್ಸು ಬೆಂದಿತೇ ಎಂದು ವಿಚಾರಿಸಿದಳು. ನಾಲ್ಕನೆಯ ಸಲ ಬಂದಾಗ ಅವನು ಹಲ್ಲು ಕಚ್ಚಿ ಗೊಣಗುತ್ತಿದ್ದ: "ಹುಂಜವೇ, ನೀನು ಸುಖವಾಗಿರು. ಹುಂಜವೇ, ನೀನು ನೂರ್ಕಾಲ ಬಾಳು."

"ಅಯ್ಯೋ ಪುಣ್ಯಾತ್ಮ!" ಎಂದು ಅಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡಳು. ಬಿಳಿಸೀರೆಗಳ ನಡುವೆ ಸುದ್ದಿ ಹರಿದಾಡಿತು.

ಶೀಲ ತೊಟ್ಟವರು ನಡುಹಗಲು ದಾಟಿದ ಮೇಲೆ ತಿನ್ನುವಂತಿಲ್ಲ. ಅಂದಿನ ಊಟ ಕೊಟ್ಟವರ ಹೆಸರುಗಳನ್ನು ಅಕ್ಕ ಮೈಕಿನಲ್ಲಿ ಓದಿದಳು, ಸತ್ತ ಅಜ್ಜ ಮುತ್ತಜ್ಜರ ಸಮೇತ. ಕೆಂಪಕ್ಕಿ ಅನ್ನ, ಹಲಸಿನ ಪಲ್ಯ ಸಿರಿಸೋಮನ ಮುಂದೆ ಬಂದಾಗ ಹನ್ನೆರಡಕ್ಕೆ ಎರಡು ನಿಮಿಷ. ಎರಡನೆಯ ತುತ್ತಿಗೆ ಗಂಟೆ ಹೊಡೆಯಿತು.

ಮಧ್ಯಾಹ್ನ ಅವನು ಧ್ಯಾನ ಮಾಡಲಿಲ್ಲ, ಮಾಡಲು ತ್ರಾಣವಿರಲಿಲ್ಲ. ದಾರ ಮುಗಿದ ಹೊಲಿಗೆ ಯಂತ್ರದಂತೆ ಉಸಿರು ಆಡುತ್ತಿತ್ತು, ಹೊಲಿಗೆ ಬೀಳುತ್ತಿರಲಿಲ್ಲ. ಆಗ, ಯಾರೂ ಕರೆಯದೆ, ಮನಸ್ಸು ಸುಮ್ಮನಾಯಿತು. ಆ ಸದ್ದಿಲ್ಲದ ಜಾಗಕ್ಕೆ ಹುಂಜ ನಡೆದು ಬಂತು. ಪಾಪ, ಇಡೀ ದಿನ ಕೂಗುತ್ತದೆ, ಇದಕ್ಕೂ ನಿದ್ದೆಯಿಲ್ಲವಲ್ಲ ಎನ್ನಿಸಿತು ಸಿರಿಸೋಮನಿಗೆ. ದಣಿದವನಿಗೆ ದಣಿದವನ ಗುರುತು ಸಿಕ್ಕಂತಾಗಿ, ಕೆನ್ನೆಯ ಮೇಲೆ ಒಂದು ಹನಿ ಇಳಿಯಿತು.

"ಅಳ್ತಿದಾನೆ! ಹುಂಜಕ್ಕೋಸ್ಕರ ಅಳ್ತಿದಾನೆ!" ಎಂದಳು ಯಸವತಿ ಅಕ್ಕ.

ಹೂವಿನ ತಟ್ಟೆ ಹಿಡಿದು ಬಂದಿದ್ದ ವಿಲ್ಬರ್ಟ್ ಕಂಬದ ಪಕ್ಕದಲ್ಲೇ ನಿಂತಿದ್ದ. ಕೇಳಿದವನು ಹೂವಿಟ್ಟು, ಕಣ್ಣೊರೆಸಿಕೊಂಡು, ದುಡುದುಡು ಹೊರಟೇಹೋದ.

ಸಂಜೆ ಶೀಲ ಇಳಿಸುವ ಹೊತ್ತಿಗೆ ಮೈಕು ಮತ್ತೆ ಕೆಮ್ಮಿತು. "ನಮ್ಮ ವಿಲ್ಬರ್ಟ್ ಇವತ್ತು ಅಭಯದಾನ ಮಾಡಿದಾರೆ! ಕತ್ತಿಗೆ ಹೋಗಬೇಕಿದ್ದ ಜೀವಗಳನ್ನ ಬಿಡಿಸಿ ತಂದಿದಾರೆ! ಪುಣ್ಯವೆಲ್ಲ ನಮ್ಮ ಸಿರಿಸೋಮನಿಗೆ! ಎಲ್ರೂ ಒಪ್ಪಿ ಸಾಧು ಅನ್ನಿ!"

ಹಸುವೋ ಕರುವೋ ಇರಬೇಕು, ಪಾಪ, ಎಂದುಕೊಂಡ ಸಿರಿಸೋಮ. ಬೆಳಗಿನಿಂದ ಕಟ್ಟಿದ್ದ ದನಿಯನ್ನೆಲ್ಲ ಬಿಚ್ಚಿ, ಎಲ್ಲರಿಗಿಂತ ಜೋರಾಗಿ ಕೂಗಿದ: "ಸಾಧು! ಸಾಧು! ಸಾಧು!"

ಅರಳೆಯ ಮೇಲೆ ನಡೆದಂತೆ ಮನೆಗೆ ಬಂದ. ಇವತ್ತು ನಿದ್ದೆ ಖಂಡಿತ. ಅಂಗಳದಲ್ಲಿ ಕುಸುಮಲತಾ ಮೊರ ಹಿಡಿದು ಕಲ್ಲಾಗಿ ನಿಂತಿದ್ದಳು. ಅವಳ ಸುತ್ತ ಹುಂಜಗಳು. ಎಣಿಸಿದರೆ ಹನ್ನೊಂದು.

ಬೇಲಿಯ ಮೇಲಿಂದ ವಿಲ್ಬರ್ಟ್ ಕೈ ಮುಗಿದ. "ತಮ್ಮಾ, ನಿನ್ನನ್ನ ತಪ್ಪು ತಿಳ್ಕೊಂಡಿದ್ದೆ. ನನ್ನ ಒಂದು ಹುಂಜಕ್ಕೇ ಅಷ್ಟು ಅತ್ತೆಯಲ್ಲೋ! ಪೋಯ ಅಂತ ಕಟುಕ ಇವತ್ತು ಅಂಗಡಿ ಮುಚ್ಚಿ, ಇವನ್ನ ನಾಳೆಗೆ ಅಂತ ಇಟ್ಕೊಂಡಿದ್ದ. ಅಷ್ಟನ್ನೂ ಬಿಡಿಸ್ಕೊಂಡು ಬಂದೆ."

"ಅಣ್ಣಾ... ನಿಮ್ಮ ಅಂಗಳದಲ್ಲೇ ಇರಲಿ..."

"ಛೆ ಛೆ! ಅಭಯ ಕೊಟ್ಟಿರೋದು ನಿನ್ನ ಹೆಸರಲ್ಲಿ. ಮಾರೋ ಹಾಗಿಲ್ಲ, ಕೊಡೋ ಹಾಗಿಲ್ಲ, ಕೊಯ್ಯೋ ಹಾಗಂತೂ ಇಲ್ಲವೇ ಇಲ್ಲ. ಅವಕ್ಕೆ ಆಯುಸ್ಸು ತೀರೋವರೆಗೂ ನೀನೇ ತಾಯಿ. ನಿನ್ನ ಸಾಧು ನಮ್ಮನೆವರೆಗೂ ಕೇಳಿಸ್ತು ಮಾರಾಯ!"

ಕೋಳಿಯನ್ನು ಕೇಳಿ ಮಸಾಲೆ ಅರೆಯುವುದುಂಟೆ ಎನ್ನುತ್ತಾರೆ. ಇಲ್ಲಿ ಕೋಳಿ ತರುವಾಗ ಸಿರಿಸೋಮನನ್ನೂ ಯಾರೂ ಕೇಳಿರಲಿಲ್ಲ.

ಹಲಸಿನ ಕೊಂಬೆಯ ಮೇಲಿನ ಹಳೆಯ ಹುಂಜ ಕತ್ತು ಚಾಚಿ ಒಂದು ಸಲ ಕೂಗಿತು. ಅಂಗಳದಿಂದ ಹನ್ನೊಂದು ಕಂಠಗಳು, ಒಂದೊಂದಾಗಿ, ತಾಳ್ಮೆಯಿಂದ ಉತ್ತರ ಕೊಟ್ಟವು.

ಮರುದಿನ ಹೆಡ್‌ಮಾಸ್ತರರ ಅಂಗಿಯನ್ನು ಸಿರಿಸೋಮ ಸರಿಪಡಿಸಿಕೊಟ್ಟ. ಬಲತೋಳು ಅಚ್ಚುಕಟ್ಟಾಗಿ ಕೂತಿತ್ತು. ಎಡತೋಳುಗಳಲ್ಲಿ ಒಂದನ್ನಾದರೂ ಬಿಚ್ಚುವುದು ಮಾತ್ರ ಮರೆತುಹೋಗಿತ್ತು.